ಮಗಳಿಗೊಂದು ಪತ್ರ: ಚೆನ್ನಾಗಿದ್ದ ದಿನವೇ ಹುಷಾರು

ಪುಟ್ಟಿ,

"ಭಾನುವಾರ ಅಷ್ಟು ಚೆನ್ನಾಗಿದ್ದೆ ಅಮ್ಮ, ಸೋಮವಾರ ಏನಾಯ್ತೋ ಗೊತ್ತಿಲ್ಲ" ಅಂತ ನಿನ್ನೆ ಫೋನಿನಲ್ಲಿ ಅಂದೆಯಲ್ಲ, ಏನಾಯ್ತು ಅಂತ ನನಗೆ ಗೊತ್ತು. ಪಿಜಿಯ ವಾಷಿಂಗ್ ಮೆಷಿನ್ ಕೆಟ್ಟಿದೆ ಅಂತ ವಾರದ ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದು ಹಿಂಡಿದೆ, ರೂಮು ಒರೆಸಿದೆ, ಸಾಲದ್ದಕ್ಕೆ ಸಂಜೆ ಗೆಳತಿಯರ ಜೊತೆ ಲಾಲ್‌ಬಾಗ್ ಸುತ್ತಿದೆ. ಮಾರನೇ ದಿನ ಹಲ್ಲುಜ್ಜುವ ಬ್ರಶ್ ಹಿಡಿಯೋಕೂ ಆಗಲಿಲ್ಲ.

ನಾನೂ ಹೀಗೇ ಇದ್ದೆ. 2006ರಲ್ಲಿ ಚಿಕುನ್‌ಗುನ್ಯಾ ಹಬ್ಬಿ ಮನೆಮನೆಯಲ್ಲೂ ಕೀಲು ಹಿಡಿದುಕೊಂಡು ಕೂತವರಿದ್ದರು, ನನ್ನದೂ ಅದೇ ಅಂದುಕೊಂಡು ಒಂದು ವರ್ಷ ಕಳೆದೆ. ಬೇರೆಯವರ ನೋವು ನಿಧಾನಕ್ಕೆ ಬಿಟ್ಟಿತು, ನನ್ನದು ಬಿಡಲಿಲ್ಲ. ಈಗ ನಿನಗೂ ಬಂದಿರುವ, ಕೀಲು ಊದಿ ಬಿಗಿದು ನೋಯುವ ಈ ಕಾಯಿಲೆಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಹೆಸರು ಕೇಳಿದ್ದು ಆಮೇಲೆ. ಮಾತ್ರೆ ಹಿಡಿದು ಮೂರು ತಿಂಗಳಾಗಿತ್ತು, ಯುಗಾದಿ ದಿನ ಕೈ ಹಗುರಾಗಿದೆ ಅಂತ 60 ಹೋಳಿಗೆ ತಟ್ಟಿದೆ. ಯಾರೂ ಕೇಳಿರಲಿಲ್ಲ, ಸುಮ್ನೆ ಖುಷಿಗೆ. ಆಮೇಲೆ ನಾಲ್ಕು ದಿನ ನನ್ನ ತಲೆ ಬಾಚಿದ್ದು ನೀನು. ಆಗ ಮೂರನೇ ಕ್ಲಾಸು, ಬೈತಲೆ ಸೊಟ್ಟಗೆ ತೆಗೆಯುತ್ತಿದ್ದೆ.

ನಮ್ಮ ಹಿತ್ತಿಲ ಬಾವಿ ನೆನಪಿದೆ ಅಲ್ವಾ? ಏಪ್ರಿಲ್‌ನಲ್ಲಿ ಬೆಳಗ್ಗೆ ನೀರು ಕಂಡಿತು ಅಂತ ಒಂದೇ ಸಮ ಸೇದಿದರೆ ಕೊನೆಗೆ ಕೆಸರೇ ಬರುತ್ತದೆ, ಅದು ತಿಳಿಯಾಗೋಕೆ ಎರಡು ದಿನ ಬೇಕು. ನಾಲ್ಕು ಕೊಡ ಸೇದಿ ಸುಮ್ಮನಿದ್ದರೆ ಸಂಜೆಗೆ ಒರತೆ ಬಂದು ಇನ್ನೊಂದು ನಾಲ್ಕು ಕೊಡ ಸಿಗುತ್ತದೆ. ನೀರು ಕಣ್ಣಿಗೆ ಕಾಣುತ್ತಿದ್ದರೂ ಅಜ್ಜಿ ಐದನೇ ಕೊಡಕ್ಕೆ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ.

ಈಗ ನಾನು ಕೆಲಸ ನಿಲ್ಲಿಸುವುದು ಗಡಿಯಾರ ನೋಡಿ, ಕೈಯನ್ನು ಕೇಳಿ ಅಲ್ಲ. ಚೆನ್ನಾಗಿರುವ ದಿನ ಕೈ ಜಾಸ್ತಿ ಸುಳ್ಳು ಹೇಳುತ್ತದೆ. 20 ನಿಮಿಷ ತರಕಾರಿ ಹೆಚ್ಚಿದ ಮೇಲೆ ಅರ್ಧ ಬೀನ್ಸ್ ಉಳಿದಿದ್ದರೂ ಚಾಕು ಕೆಳಗಿಟ್ಟು ಎದ್ದುಬಿಡುತ್ತೇನೆ, ಮೊದಮೊದಲು ಅದಕ್ಕೆ ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಾ, ಆ ಬೀನ್ಸ್ ನನ್ನನ್ನು ಅಣಕಿಸುತ್ತಿದೆ ಅನ್ನಿಸುತ್ತಿತ್ತು. ಫಿಸಿಯೋಥೆರಪಿಸ್ಟ್ ಒಂದು ಅಳತೆ ಹೇಳಿಕೊಟ್ಟಿದ್ದರು: ಕೆಲಸ ಮುಗಿದು ಎರಡು ಗಂಟೆಯಾದರೂ ಅದರ ನೋವು ಇಳಿಯದಿದ್ದರೆ ಮುಂದಿನ ಸಲ ಅಷ್ಟು ಮಾಡಬಾರದು. ಹಾಗಂತ ದೊಡ್ಡಮ್ಮ ಹೇಳುವ ಹಾಗೆ ದಿನವಿಡೀ ಮಲಗಿಯೂ ಇರಬೇಡ, ಕೀಲು ಇನ್ನೂ ಬಿಗಿಯುತ್ತದೆ. ಬೆಳಗ್ಗೆ ಒಂದು ಗಂಟೆ ಬೆರಳು ಮಡಚೋಕೇ ಆಗಲ್ಲ ಅಂತೀಯಲ್ಲ, ಆ ಹೊತ್ತಿಗೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡ. ಬಿಸಿನೀರಲ್ಲಿ ಕೈ ಅದ್ದಿ ಮೆಲ್ಲಗೆ ಮಡಚಿ ಬಿಡಿಸು, ಅಷ್ಟು ಸಾಕು. ಚೀಲ ಬೆರಳಿಗೆ ನೇತುಹಾಕಿಕೊಳ್ಳಬೇಡ, ಹೆಗಲಿಗೆ ಹಾಕು.

ಇನ್ನೊಂದು. ಶನಿವಾರ ರಾತ್ರಿ ಈ ಕಾಯಿಲೆಯ ಮಾತ್ರೆ ಮೆಥೊಟ್ರೆಕ್ಸೇಟ್ ತಗೊಂಡು ಭಾನುವಾರಕ್ಕೆ ಇಷ್ಟೆಲ್ಲ ಕೆಲಸ ಇಟ್ಟುಕೊಳ್ಳುತ್ತಾರಾ? ಈ ಸಲ ಹೊಟ್ಟೆ ತೊಳಸಲಿಲ್ಲ ನಿಜ, ಪ್ರತಿ ಸಲ ಹಾಗಿರಲ್ಲ. ವಾರಕ್ಕೆ ಒಂದೇ ಸಲ ತಗೊಳ್ಳಬೇಕಾದ ಮಾತ್ರೆ ಅದು, ದಿನ ಬದಲಾಯಿಸಬೇಕು ಅನ್ನಿಸಿದರೆ ಡಾಕ್ಟರನ್ನು ಕೇಳು, ನಿನ್ನಷ್ಟಕ್ಕೆ ಮಾಡಬೇಡ.

ಇದು ನನ್ನಿಂದ ಬಂತಾ ಅಂತ ನೀನು ಒಂದು ಸಲವೂ ಕೇಳಿಲ್ಲ. ಅಮ್ಮನಿಗಿದ್ದರೆ ಮಗಳಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ, ಅಷ್ಟೇ ಅಂತಾರೆ ಡಾಕ್ಟರು. ಆ 'ಅಷ್ಟೇ' ನನ್ನ ಹೊಟ್ಟೆಗೆ ಇಳಿಯುವುದಿಲ್ಲ.

ಗುರುವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಬಸ್‌ಸ್ಟ್ಯಾಂಡಿಗೆ ಬರಬೇಡ, ನಾನೇ ಆಟೋ ಹಿಡಿದು ಬರುತ್ತೇನೆ. ಮಿಡಿ ಉಪ್ಪಿನಕಾಯಿ ತರುತ್ತಿದ್ದೇನೆ, ಮುಚ್ಚಳ ಬಿಗಿಯಾಗಿ ಹಾಕಿಲ್ಲ. ಬಿಗಿದರೆ ಆಮೇಲೆ ನೀನೂ ತೆಗೆಯೋಕಾಗಲ್ಲ, ನಾನೂ ತೆಗೆಯೋಕಾಗಲ್ಲ. ಬಸ್ಸಲ್ಲಿ ಚೆಲ್ಲದೇ ಇರಲಿ ಅಂತ ಎರಡು ಪ್ಲಾಸ್ಟಿಕ್ ಕವರ್ ಸುತ್ತಿದ್ದೇನೆ.

ಅಮ್ಮ