ಟೈಮ್‌ಟೇಬಲ್ ಹಾಕುವವಳಿಗೆ

ಪ್ರೀತಿಯ ಪುಟ್ಟಿ,

ವಿಜ್ಞಾನ ವಿಭಾಗದ ಮುಖ್ಯಸ್ಥೆಯಾಗಲು ಒಪ್ಪಿಕೊಳ್ಳಲೋ ಬೇಡವೋ ಎಂದು ಕೇಳಿದ್ದೀಯ. ನಿನ್ನ ಅಮ್ಮನ ಉತ್ತರ ಒಂದೇ ಸಾಲು: "ಬೇಡ, ಅವಳಿಗೆ ಈಗಲೇ ಉಸಿರಾಡಲು ಪುರುಸೊತ್ತಿಲ್ಲ." ನನ್ನದು ಸ್ವಲ್ಪ ಉದ್ದವಾಗುತ್ತದೆ. ಒಪ್ಪಿಕೋ ಎಂದೇ ಹೇಳುತ್ತೇನೆ. ಆದರೆ ಆ ಕುರ್ಚಿಯಲ್ಲಿ ಏನಿದೆ, ಏನಿಲ್ಲ ಎಂಬುದು ಕೂರುವ ಮೊದಲೇ ತಿಳಿದಿರಲಿ.

ಅಧಿಕಾರವಂತೂ ಇಲ್ಲ. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲಿ ಬಂದರೆ ನಾವೆಲ್ಲ ಹಲ್ಲಿಗಳಂತೆ ಗೋಡೆಗೆ ಅಂಟಿಕೊಳ್ಳುತ್ತಿದ್ದೆವು. ಅವರ ಕೋಣೆಯ ಹೊರಗೆ ಅಟೆಂಡರ್ ಕೂತಿರುತ್ತಿದ್ದರು, ಒಳಗೆ ಹೋಗಲು ಅವರ ಕೃಪೆಯೂ ಬೇಕಿತ್ತು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ, ಎರಡು ವರ್ಷ ಓದಿಸಿ ವಿಶ್ವವಿದ್ಯಾಲಯಕ್ಕೋ ಕೆಲಸಕ್ಕೋ ಕಳಿಸುವ ಈ ಸರ್ಕಾರಿ ಕಾಲೇಜಿನಲ್ಲಿ, ಆ ವೈಭವವನ್ನು ನಿರೀಕ್ಷಿಸಬೇಡ. ಇಲ್ಲಿ ಮುಖ್ಯಸ್ಥೆ ಎಂದರೆ ಉಳಿದವರಂತೆಯೇ ಒಬ್ಬ ಅಧ್ಯಾಪಕಿ, ಅವರದೇ ಯೂನಿಯನ್ನಿನ ಸದಸ್ಯೆ. ನೇಮಕಾತಿಗೆ ಸಹಿ ಹಾಕುವುದು ಬೇರೆಯವರು, ಬಜೆಟ್ಟಿನ ಬೀಗದ ಕೈ ಡೀನ್ ಅವರ ಬಳಿ, ಲ್ಯಾಬ್ ತಂತ್ರಜ್ಞರು ವರದಿ ಒಪ್ಪಿಸುವುದೂ ಡೀನ್ ಅವರಿಗೇ. ನಿನ್ನ ಮೇಲೆ ಎಲ್ಲರೂ ಇದ್ದಾರೆ, ಕೆಳಗೆ ಯಾರೂ ಇಲ್ಲ. ನಿನ್ನ ಕೈಗೆ ನಿಜವಾಗಿ ಬರುವುದು ಟೈಮ್‌ಟೇಬಲ್ ಒಂದೇ. ಅದನ್ನು ಗುಮಾಸ್ತಿಕೆ ಎಂದುಕೊಂಡವರು ಈ ಕೆಲಸವನ್ನು ಶಪಿಸುತ್ತಲೇ ಅವಧಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಕಾಲೇಜಿನಲ್ಲಿ ಅದಕ್ಕಿಂತ ತೂಕದ ಕಾಗದ ಇನ್ನೊಂದಿಲ್ಲ.

ಯಾಕೆಂದು ಹೇಳುತ್ತೇನೆ. ನಿನ್ನ ಅನಾಟಮಿ ತರಗತಿಯನ್ನೇ ತೆಗೆದುಕೋ. ಅಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ನರ್ಸಿಂಗ್ ಸೀಟು. ಅದಕ್ಕೆ ಅರ್ಜಿ ಹಾಕಬೇಕಾದರೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರೂ ಮುಗಿದಿರಬೇಕು. ಅವರಲ್ಲಿ ಒಬ್ಬಳು ವೃದ್ಧಾಶ್ರಮದಲ್ಲಿ ಸಹಾಯಕಿ, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಪಾಳಿ. ಮೂರೂವರೆಗೆ ಮಗುವನ್ನು ಶಾಲೆಯಿಂದ ಕರೆತಂದು ತಾಯಿಯ ಮನೆಯಲ್ಲಿ ಬಿಟ್ಟು, ಬಸ್ ಹಿಡಿದು ಕಾಲೇಜು ತಲುಪುವ ಹೊತ್ತಿಗೆ ಐದೂಕಾಲು. ನೀನು ಲ್ಯಾಬನ್ನು ಮಧ್ಯಾಹ್ನ ಒಂದು ಗಂಟೆಗೆ ಹಾಕಿದರೆ ಅವಳು ನರ್ಸ್ ಆಗುವುದಿಲ್ಲ. ಐದೂವರೆಗೆ ಹಾಕಿದರೆ ಆಗಬಹುದು. ಅವಳು ನಿನ್ನ ಬಳಿ ಬಂದು ದೂರು ಹೇಳುವುದಿಲ್ಲ. ಆನ್‌ಲೈನ್ ಪಟ್ಟಿ ನೋಡಿ, ತನಗೆ ಆಗದು ಎಂದು ಮೊಬೈಲ್ ಬದಿಗಿಟ್ಟು ಸುಮ್ಮನಾಗುತ್ತಾಳೆ. ಸೇರದೇ ಹೋದವರ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಸಂಜೆಗೂ ಶನಿವಾರಕ್ಕೂ ತಳ್ಳಿಬಿಡೋಣ ಎನ್ನುತ್ತಾರೆ ಲ್ಯಾಬಿನಲ್ಲಿ ಕೈ ಅದ್ದದ ಜನ. ಅನಾಟಮಿಯನ್ನು ಶನಿವಾರ ನಡೆಸಬಹುದು. ಕುರಿಯ ಮಿದುಳು ಒಂದು ವಾರ ಕಾಯುತ್ತದೆ. ಮೈಕ್ರೋಬಯಾಲಜಿ ಕಾಯುವುದಿಲ್ಲ. ಪೆಟ್ರಿ ತಟ್ಟೆಗೆ ಗೆರೆ ಎಳೆದು 37 ಡಿಗ್ರಿಯಲ್ಲಿ ಇಟ್ಟರೆ 24ರಿಂದ 48 ಗಂಟೆಯೊಳಗೆ ಓದಬೇಕು, ಇಲ್ಲವೇ ಯಾರಾದರೂ ಬಂದು ಫ್ರಿಜ್ಜಿಗೆ ಸಾಗಿಸಬೇಕು. ವಾರಕ್ಕೊಂದೇ ದಿನದ ಲ್ಯಾಬ್ ಹಾಕಿದರೆ ಭಾನುವಾರ ಅಥವಾ ಸೋಮವಾರ ಆ ಕೆಲಸ ತಂತ್ರಜ್ಞರ ತಲೆಗೆ. ಅದಕ್ಕೇ ಅದು ಮಂಗಳವಾರ-ಗುರುವಾರ ಅಥವಾ ಸೋಮವಾರ-ಬುಧವಾರ ಎಂದು ಜೋಡಿಯಾಗಿ ನಡೆಯಬೇಕು. ಹಾಗಾದಾಗ ಅದೇ ಸಂಜೆಗಳಲ್ಲಿ ಕೆಮಿಸ್ಟ್ರಿ ಬಂದು ಕೂತಿರುತ್ತದೆ, ಇಬ್ಬರಿಗೂ ಬೇಕಾದ ವಿದ್ಯಾರ್ಥಿ ಒಬ್ಬನೇ. ಒಂದು ಘರ್ಷಣೆ ಎಂದರೆ ಅವನ ಪಾಲಿಗೆ ಒಂದು ವರ್ಷ. ಒಂದು ಲ್ಯಾಬ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವುದನ್ನೂ ಮರೆಯಬೇಡ. ಆ ಅರ್ಧ ಗಂಟೆಯಲ್ಲಿ ತಂತ್ರಜ್ಞರು ತ್ಯಾಜ್ಯದ ಬಾಟಲಿ ಬದಲಿಸಿ, ಬ್ಯುರೆಟ್ ತೊಳೆದು, ಮುಂದಿನ ಪ್ರಯೋಗದ ಟ್ರೇ ಇಡುತ್ತಾರೆ. ಕಂಪ್ಯೂಟರಿನಲ್ಲಿ ಕೋಣೆ ಹಂಚುವವರ ಕಣ್ಣಿಗೆ ಅದು ಖಾಲಿ ಕೋಣೆ. ನೀನು ಎಚ್ಚರ ತಪ್ಪಿದರೆ ಅಲ್ಲೊಂದು ಇತಿಹಾಸದ ಪಾಠ ತಂದು ಕೂರಿಸುತ್ತಾರೆ.

ಈ ಕಾಲೇಜುಗಳು ಇರುವುದೇ ಆ ಐದೂವರೆಯವರಿಗಾಗಿ. ಉನ್ನತ ಶಿಕ್ಷಣದ 1960ರ ಮಾಸ್ಟರ್ ಪ್ಲಾನಿನಲ್ಲಿ ಕ್ಯಾಲಿಫೋರ್ನಿಯಾ ವಿದ್ಯಾರ್ಥಿಗಳನ್ನು ಹಂಚಿದ್ದು ಹೀಗೆ: ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಉಳಿದ ಎಲ್ಲರಿಗೂ ನಮ್ಮ ಬಾಗಿಲು. ಇವತ್ತು ಅಂಥ 116 ಕಾಲೇಜುಗಳಿವೆ. 2012ರಿಂದ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್. ಐದು ಯೂನಿಟ್ಟಿನ ಜನರಲ್ ಕೆಮಿಸ್ಟ್ರಿ ಲ್ಯಾಬೂ ಸೇರಿ 230 ಡಾಲರಿಗೆ ಮುಗಿಯುತ್ತದೆ. ಸಮಾರಂಭಗಳಲ್ಲಿ ಭಾಷಣ ಮಾಡುವವರು ಸ್ಯಾನ್ ಮಟೇಯೊದ ಕಾಲೇಜಿನಿಂದ ಹೊರಟ ಜೀನೋಮ್ ವಿಜ್ಞಾನಿ ಕ್ರೇಗ್ ವೆಂಟರ್ ಹೆಸರು ಹೇಳುತ್ತಾರೆ. ರಸಾಯನಶಾಸ್ತ್ರದವನಾದ ನನಗೆ ಪಸಡೀನಾ ಜೂನಿಯರ್ ಕಾಲೇಜಿನಲ್ಲಿ ಶುರುಮಾಡಿ 1984ರಲ್ಲಿ ನೊಬೆಲ್ ಪಡೆದ ಬ್ರೂಸ್ ಮೆರಿಫೀಲ್ಡ್ ಹೆಸರು ಹೇಳುವ ಆಸೆ. ಹೇಳಿದ್ದಾಯಿತು. ನೊಬೆಲ್‌ನವರು ಟೈಮ್‌ಟೇಬಲ್ ಹೇಗಿದ್ದರೂ ದಾರಿ ಹುಡುಕಿಕೊಳ್ಳುತ್ತಾರೆ. ನಿನ್ನ ಚಿಂತೆ ಬಸ್ಸಿನಲ್ಲಿ ಬರುವವಳದ್ದಾಗಿರಲಿ.

ಇನ್ನು 525. ಈ ಸಂಖ್ಯೆಯನ್ನು ನಿನಗೆ ದಿನಕ್ಕೆರಡು ಸಲ ಕೇಳಿಸುತ್ತಾರೆ. ಒಬ್ಬ ಪೂರ್ಣಾವಧಿ ಅಧ್ಯಾಪಕ ವಾರಕ್ಕೆ 15 ಗಂಟೆ, ಪ್ರತಿ ತರಗತಿಯಲ್ಲಿ 35 ಜನರಿಗೆ ಪಾಠ ಮಾಡಿದರೆ 525. ಅದು ದಕ್ಷತೆಯ ಹಳೆಯ ಅಳತೆಗೋಲು. ನಿನ್ನ ಲ್ಯಾಬಿನಲ್ಲಿ ಇರುವುದು 24 ಸ್ಟೂಲು. ಇಪ್ಪತ್ತೈದನೆಯವರನ್ನು ಸೇರಿಸು ಎಂದರೆ ಸೇರಿಸಬೇಡ, ಬನ್ಸೆನ್ ಬರ್ನರ್ ಉರಿಯುವ ಕೋಣೆಯಲ್ಲಿ ದಾಕ್ಷಿಣ್ಯ ಕೂಡದು. ಆದರೆ ಲೆಕ್ಕ ಕಲಿತುಕೋ. ವಸಂತದ ಸೆಮಿಸ್ಟರಿನಲ್ಲಿ ಮಾತ್ರ ನಡೆಯುವ ಸಾವಯವ ರಸಾಯನಶಾಸ್ತ್ರದ ಎರಡನೆಯ ಭಾಗಕ್ಕೆ 11 ಜನ ಸೇರಿದ್ದಾರೆ ಎಂದಿಟ್ಟುಕೋ. ತರಗತಿ ಶುರುವಾಗುವ ವಾರ ಡೀನ್ ಅವರು ರದ್ದು ಮಾಡೋಣ ಎನ್ನುತ್ತಾರೆ. ವಿದ್ಯೆಯ ಮಹತ್ವದ ಬಗ್ಗೆ ಮಾತಾಡಲು ಹೋಗಬೇಡ, ಅದು ಅವರಿಗೂ ಗೊತ್ತು. 96 ಜನರ ಒಂದು ದೊಡ್ಡ ಪಾಠ, ಅದರ ಕೆಳಗೆ 24ರ ನಾಲ್ಕು ಲ್ಯಾಬ್ ಎಂದು ಆರಂಭಿಕ ಕೆಮಿಸ್ಟ್ರಿಯನ್ನು ಮೊದಲೇ ಹೆಣೆದಿಟ್ಟಿರು. ಸರಾಸರಿ ಇಡೀ ವಿಭಾಗದ್ದಲ್ಲವೇ, ಆ ತೊಂಬತ್ತಾರು ಈ ಹನ್ನೊಂದನ್ನು ಹೊತ್ತುಕೊಳ್ಳುತ್ತದೆ. ಜೊತೆಗೆ ಆ 11 ಜನ ಯಾವ ವಿಶ್ವವಿದ್ಯಾಲಯಕ್ಕೆ ವರ್ಗವಾಗಲಿದ್ದಾರೆ, ರದ್ದಾದರೆ ಎಷ್ಟು ಜನರ ಪ್ರವೇಶ ತಪ್ಪುತ್ತದೆ ಎಂಬ ಒಂದು ಪುಟದ ಪಟ್ಟಿ ಮುಂದಿಡು. ಡೀನ್ ಅವರಿಗೂ ಮೇಲಿನವರಿಗೆ ತೋರಿಸಲು ಏನಾದರೂ ಬೇಕು.

ಅರೆಕಾಲಿಕ ಅಧ್ಯಾಪಕರ ವಿಷಯ ಬಂದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. 1988ರ ಕಾನೂನು ಬೋಧನೆಯ ಶೇಕಡಾ 75 ಭಾಗ ಪೂರ್ಣಾವಧಿಯವರಿಂದಲೇ ಆಗಬೇಕೆಂದು ಗುರಿ ಹಾಕಿತು. ಗುರಿ ಗುರಿಯಾಗಿಯೇ ಇದೆ. ಇನ್ನೊಂದು ಕಾನೂನಿನ ಪ್ರಕಾರ ಅರೆಕಾಲಿಕರಿಗೆ ಒಂದು ಡಿಸ್ಟ್ರಿಕ್ಟಿನಲ್ಲಿ (ಒಂದೇ ಆಡಳಿತದ ಕಾಲೇಜುಗಳಲ್ಲಿ) ಪೂರ್ಣ ಹೊರೆಯ ಶೇಕಡಾ 67ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಲ್ಯಾಬ್ ಇರುವ ಒಂದು ಕೋರ್ಸೇ ಅರ್ಧ ಹೊರೆ ತಿಂದುಬಿಡುತ್ತದೆ, ಎರಡನೆಯದಕ್ಕೆ ಜಾಗವಿಲ್ಲ. ಹಾಗಾಗಿ ಪಿಎಚ್.ಡಿ. ಮಾಡಿದ ಮನುಷ್ಯ ಬೆಳಿಗ್ಗೆ ಒಂದು ಊರಿನಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ, ರಾತ್ರಿ ಮೂರನೆಯದರಲ್ಲಿ ಪಾಠ ಮಾಡಿ ಕಾರಿನಲ್ಲೇ ಊಟ ಮಾಡುತ್ತಾನೆ. ಇಲ್ಲಿ ಅವರಿಗೆ 'ಫ್ರೀವೇ ಫ್ಲೈಯರ್', ಹೆದ್ದಾರಿಯಲ್ಲೇ ಹಾರಾಡುವವರು, ಎಂದೇ ಹೆಸರು. ಈ ವ್ಯವಸ್ಥೆಯನ್ನು ನೀನು ಬದಲಿಸಲಾರೆ. ನಿನ್ನಿಂದ ಆಗುವುದು ಇಷ್ಟು: ಟೈಮ್‌ಟೇಬಲ್ ಅಂತಿಮಗೊಳಿಸುವ ಮೊದಲು ಅವರನ್ನು ಕೇಳು, ಬೇರೆ ಕಾಲೇಜಿನ ಅವರ ತರಗತಿಗಳ ಸಮಯ ತಿಳಿದುಕೊಂಡು ಅದಕ್ಕೆ ಹೊಂದುವಂತೆ ಹಾಕು. ತರಗತಿ ರದ್ದಾಗುವ ಸೂಚನೆ ಇದ್ದರೆ ಕೊನೆಯ ವಾರದವರೆಗೆ ಬಾಯಿ ಮುಚ್ಚಿಕೊಂಡಿರಬೇಡ. ಅಷ್ಟು ಹೊತ್ತಿಗೆ ಅವರು ಬೇರೆಡೆಯ ಕೆಲಸವನ್ನು ಬಿಟ್ಟುಕೊಟ್ಟಿರುತ್ತಾರೆ. ಪೂರ್ಣಾವಧಿ ಅಧ್ಯಾಪಕರಿಗೆ ಹೆಚ್ಚುವರಿ ಪಾಠ ಬೇಕೆಂಬ ಆಸೆಗೆ ಅರೆಕಾಲಿಕರ ಅನ್ನಕ್ಕೆ ಕೈ ಹಾಕಬೇಕಾದ ಸಂದರ್ಭ ಬರುತ್ತದೆ. ಗುತ್ತಿಗೆಯ ಕರಾರು ಯಾರ ಪರ ಎಂದು ನೋಡು. ಕರಾರು ಮೌನವಾಗಿದ್ದರೆ ನೀನು ಮೌನವಾಗಿರಬೇಡ.

ಸ್ಟಾಕ್‌ರೂಮ್. ಜೀವಶಾಸ್ತ್ರದವಳು ಎಂದು ಅದನ್ನು ಕೆಮಿಸ್ಟ್ರಿಯವರಿಗೆ ಬಿಟ್ಟುಬಿಡಬೇಡ, ಮೊದಲ ವಾರವೇ ತಂತ್ರಜ್ಞರ ಜೊತೆ ಒಳಗೆ ಹೋಗು. ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿದ್ದರೆ ಅಲ್ಲೇ ನಿಲ್ಲು. ಆ ಕ್ರಮದಲ್ಲಿ ಅಸಿಟೋನೂ ಅಮೋನಿಯಂ ನೈಟ್ರೇಟೂ ಒಂದೇ ಹಲಗೆಯ ಮೇಲೆ ಬರುತ್ತವೆ: ಒಂದು ಉರಿಯುವಂಥದ್ದು, ಇನ್ನೊಂದು ಉರಿಯುವುದಕ್ಕೆ ಆಮ್ಲಜನಕ ಒದಗಿಸುವಂಥದ್ದು. ಹಿಂದಿನ ಸಾಲಿನಲ್ಲಿ, ನಿವೃತ್ತರಾದ ಯಾರೋ ಅಂಗಾಂಶದ ಸ್ಲೈಡ್ ಮಾಡಲೆಂದು ತರಿಸಿದ ಪಿಕ್ರಿಕ್ ಆಮ್ಲದ ಬಾಟಲಿ ಇದೆಯೇ ನೋಡು. ನೀರಿನಡಿ ಒದ್ದೆಯಾಗಿರುವವರೆಗೆ ಅದು ಸಾಧು. ಒಣಗಿ, ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿದ್ದರೆ ಅದು ಸಿಡಿಮದ್ದು, ಮುಚ್ಚಳ ತಿರುಗಿಸುವ ಉಜ್ಜಾಟವೇ ಸಾಕು. ಮುಟ್ಟಬೇಡ, ಅಲುಗಿಸಬೇಡ, ಬಾಗಿಲು ಹಾಕಿ ಸುರಕ್ಷತಾ ಅಧಿಕಾರಿಯನ್ನು ಕರೆ. ಬಾಂಬ್ ನಿಷ್ಕ್ರಿಯ ದಳ ಬರಬೇಕಾದರೂ ಬರಲಿ. ಕಣ್ಣು ತೊಳೆಯುವ ನಲ್ಲಿಗಳನ್ನು ವಾರಕ್ಕೊಮ್ಮೆ ಬಿಟ್ಟು ನೋಡಬೇಕು ಎನ್ನುತ್ತದೆ ಮಾನದಂಡ. ಯಾರು ಬಿಡುತ್ತಾರೆ, ಯಾವ ದಿನ, ಎಲ್ಲಿ ಗುರುತು ಹಾಕುತ್ತಾರೆ ಎಂದು ಕೇಳು. "ಎಲ್ಲರೂ ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬಂದರೆ ಯಾರೂ ನೋಡುತ್ತಿಲ್ಲ ಎಂದು ಅರ್ಥ. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್‌ನ ದೊಡ್ಡ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ದ್ರವವೊಂದು ಸಿರಿಂಜಿನಿಂದ ಚೆಲ್ಲಿ, ಲ್ಯಾಬ್ ಕೋಟ್ ಹಾಕಿರದ 23 ವರ್ಷದ ಸಹಾಯಕಿಯ ಸ್ವೆಟರ್ ಹತ್ತಿಕೊಂಡಿತು. ಆಕೆ ಮುಂದಿನ ತಿಂಗಳು ತೀರಿಕೊಂಡಳು. ಅಲ್ಲಿ ಹಣಕ್ಕೆ ಕೊರತೆ ಇರಲಿಲ್ಲ.

ವರದಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಾನ್ಯತಾ ಸಮಿತಿ ಏಳು ವರ್ಷಕ್ಕೊಮ್ಮೆ ಬರುತ್ತದೆ, ನಡುವೆ ಕಲಿಕಾ ಫಲಿತಾಂಶಗಳ ಕೋಷ್ಟಕ ತುಂಬಬೇಕು. ಬೇಗ ತುಂಬಿ ಕಳಿಸಿಬಿಡು. ಆನ್‌ಲೈನ್ ತರಗತಿಗಳಿಗೆ ಸುಳ್ಳು ಹೆಸರಿನಲ್ಲಿ ಸೇರಿ ವಿದ್ಯಾರ್ಥಿ ಸಹಾಯಧನ ಹೊಡೆಯುವ ಜಾಲಗಳಿವೆ. ಮೊದಲ ವಾರವೇ ಒಂದು ಸಣ್ಣ ಕೆಲಸ ಕೊಟ್ಟು ಉತ್ತರಿಸದವರನ್ನು ಕೈಬಿಡುವಂತೆ ಎಲ್ಲರಿಗೂ ಹೇಳು, ನಿಜವಾದವರಿಗೆ ಸೀಟು ಸಿಗುತ್ತದೆ. ಇನ್ನೊಂದು ಗೊಣಗಾಟ ಕಿವಿಗೆ ಬೀಳುತ್ತದೆ: 2017ರ ಕಾನೂನಿನ ನಂತರ ಹೆಚ್ಚಿನವರು ತಯಾರಿ ಗಣಿತ ಓದದೆ ನೇರವಾಗಿ ಮೇಲಿನ ತರಗತಿಗೆ ಬರುತ್ತಾರೆ, ಲಾಗರಿತಮ್ ಗೊತ್ತಿಲ್ಲದವರಿಗೆ ಆಮ್ಲೀಯತೆಯ ಅಳತೆಯಾದ ಪಿಎಚ್ ಹೇಗೆ ಕಲಿಸುವುದು ಎಂದು. ಹಿಂದೆ ಗೊತ್ತಿತ್ತೇ? ತಯಾರಿ ಗಣಿತದಲ್ಲಿ ಸೋತು ಕೆಮಿಸ್ಟ್ರಿಯ ಬಾಗಿಲಿಗೇ ಬಾರದೆ ಹೋದವರು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ. ಮೊದಲ ಲ್ಯಾಬಿನಲ್ಲಿ ಒಂದು ಗಂಟೆ ಲಾಗರಿತಮ್ ಹೇಳಿಕೊಟ್ಟರೆ ಆಯಿತು.

ಕೊನೆಯದಾಗಿ, ಹೂಂ ಎನ್ನುವ ಮೊದಲು ಕೇಳಿ ಪಡೆಯಬೇಕಾದದ್ದು. ಅವರು ಪಾಠದ ಹೊರೆಯಲ್ಲಿ ಶೇಕಡಾ 20 ಬಿಡುವು ಕೊಡುತ್ತೇವೆ ಎನ್ನುತ್ತಾರೆ, ಅಂದರೆ 15ರಲ್ಲಿ 3 ಯೂನಿಟ್. ಮೂರು ಗಂಟೆ ಪಾಠ, ಆರು ಗಂಟೆ ಲ್ಯಾಬ್ ಇರುವ ನಿನ್ನ ಅನಾಟಮಿ ಸೆಕ್ಷನ್ನಿನಿಂದ ಮೂರು ಯೂನಿಟ್ ಕತ್ತರಿಸಿ ತೆಗೆಯಲು ಬರುವುದಿಲ್ಲ. ಕೊನೆಗೆ ನೀನು ಹಿಂದಿನಷ್ಟೇ ಪಾಠ ಮಾಡಿ, ಮೇಲೊಂದಿಷ್ಟು ಚಿಲ್ಲರೆ ಹಣ ಪಡೆದು, ಮುಖ್ಯಸ್ಥೆಯ ಕೆಲಸವನ್ನು ರಾತ್ರಿ ಮಾಡುತ್ತೀಯ. ಒಂದು ಇಡೀ ಸೆಕ್ಷನ್ ಇಳಿಯುವಷ್ಟು ಬಿಡುವು ಕೇಳು. ಬೇಸಿಗೆಗೆ ಬೇರೆ ಸಂಭಾವನೆ ಕೇಳು, ಅರೆಕಾಲಿಕರು ಕೈಕೊಡುವುದು ಜುಲೈನಲ್ಲೇ, ನಿನ್ನ ಸಂಬಳದ ಒಪ್ಪಂದ ಆಗ ನಡೆಯುತ್ತಿರುವುದಿಲ್ಲ. ಅವಧಿ ಎಷ್ಟು ವರ್ಷ, ನಂತರ ಯಾರು ಎಂಬುದನ್ನೂ ಕೇಳು. ಎಲ್ಲವೂ ಮೇಲ್‌ನಲ್ಲಿ ಬರಲಿ, ಕಾರಿಡಾರಿನ ಭರವಸೆ ಬೇಡ. ಆ ಮೇಲ್ ಬಂದ ದಿನ ನನಗೆ ಕಳಿಸು, ಓದಿ ಹೇಳುತ್ತೇನೆ.

ಇತಿ,
ನಿನ್ನ ಅಪ್ಪ