ಬಟ್ಟೆ ವರ್ತಕರ ಮನೆಯಲ್ಲಿ ಒಂದು ಸಂಜೆ

ಲೈಪ್‌ಜಿಗ್ (ಜರ್ಮನಿ), ಡಿಸೆಂಬರ್

ತೀರ್ಥರೂಪ ಅಪ್ಪಯ್ಯನವರಿಗೆ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಮೊನ್ನೆ ಇಲ್ಲಿಯ ವಾದ್ಯವೃಂದದ ಕಛೇರಿಗೆ ಹೋಗಿದ್ದನ್ನು ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ನಮ್ಮ ಗುಡ್ಡದ ನೆಟ್‌ವರ್ಕ್ ತನ್ನ ಎಂದಿನ ಬುದ್ಧಿ ತೋರಿಸಿತು. ಕೊನೆಗೆ ಕೇಳಿಸಿದ್ದು ನಿಮ್ಮ ಪ್ರಶ್ನೆಯೊಂದೇ: "ಎಂಬತ್ತು ಜನ ಒಟ್ಟಿಗೆ ಬಾರಿಸಿದರೆ ಸಂತೆಯಾಗುವುದಿಲ್ಲವೇನೇ?" ಫೋನಿನಲ್ಲಿ ಕೂಗಿ ಹೇಳುವುದಕ್ಕಿಂತ ಬರೆಯುವುದೇ ವಾಸಿ ಎನ್ನಿಸಿತು. ರಾತ್ರಿ ಅಡಿಕೆ ಸುಲಿಯುವಾಗ ಅತ್ತಿಗೆ ಗಟ್ಟಿಯಾಗಿ ಓದಲಿ, ಎಲ್ಲರಿಗೂ ಆಗುತ್ತದೆ.

ನಾನು ಹೋಗಿದ್ದ ಸಭಾಂಗಣದ ಹೆಸರು ಗೆವಾಂಡ್‌ಹೌಸ್. ಹಾಗೆಂದರೆ ಬಟ್ಟೆಯ ಮನೆ. 1743ರಲ್ಲಿ ಈ ಊರಿನ ವರ್ತಕರೇ ದುಡ್ಡು ಹಾಕಿ ಹದಿನಾರು ಜನರ ಮೇಳ ಕಟ್ಟಿದರಂತೆ. 1781ರಿಂದ ಬಟ್ಟೆ ವ್ಯಾಪಾರಿಗಳ ಕಟ್ಟಡದಲ್ಲಿ ಕಛೇರಿಗಳು ನಡೆದವು, ಆ ಹೆಸರು ವಾದ್ಯವೃಂದಕ್ಕೇ ಅಂಟಿಕೊಂಡಿತು. ಈಗಿನದು ಮೂರನೆಯ ಕಟ್ಟಡ, 1981ರದ್ದು. ಅಮ್ಮನಿಗೆ ಹೇಳಿ, ನಾನು ಅವಳು ಕೊಟ್ಟ ಇಳಕಲ್ ಸೀರೆ ಉಟ್ಟು, ಅದರ ಮೇಲೆ ಮೊಣಕಾಲುದ್ದದ ಕೋಟು ಹಾಕಿಕೊಂಡು ಹೋಗಿದ್ದೆ. ಕೋಟನ್ನು ಒಳಗೆ ಒಯ್ಯುವ ಹಾಗಿಲ್ಲ, ಬಾಗಿಲಲ್ಲೇ ಕೊಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಕೋಟು ತೆಗೆದುಕೊಂಡ ಹೆಂಗಸು ಸೆರಗಿನ ಟೋಪು ತೆನೆಯ ನೇಯ್ಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಬಟ್ಟೆಯ ಮನೆಗೆ ಬಟ್ಟೆಯ ಮರ್ಯಾದೆ ಸಂದಿತು.

ಈಗ ನಿಮ್ಮ ಸಂತೆಯ ಮಾತು. ಶುರುವಿನಲ್ಲಿ ನಿಜವಾಗಿಯೂ ಸಂತೆಯೇ. ಒಬ್ಬೊಬ್ಬರು ಒಂದೊಂದು ತುಣುಕು ನುಡಿಸಿಕೊಳ್ಳುತ್ತಿರುತ್ತಾರೆ. ಆಮೇಲೆ ಓಬೋ ಎಂಬ ವಾದ್ಯದವನು ಒಂದೇ ಸ್ವರ ಹಿಡಿದು ನಿಲ್ಲುತ್ತಾನೆ. ಅದು ನಮ್ಮ ಓಲಗದ ಜಾತಿಯದೇ, ಜೋಡಿ ಪೀಪಿಯದು. ಆ ಒಂದು ಸ್ವರಕ್ಕೆ ಎಂಬತ್ತು ಜನರೂ ಶ್ರುತಿ ಸೇರಿಸುತ್ತಾರೆ. ನೀವು ಯಕ್ಷಗಾನದ ಚೌಕಿಯಲ್ಲಿ ಭಾಗವತರ ಶ್ರುತಿಗೆ ಮದ್ದಲೆಯ ಮುಚ್ಚಿಗೆ ತಟ್ಟಿ ತಟ್ಟಿ ಕಿವಿಗೊಡುತ್ತೀರಲ್ಲ, ಆಗ ನಿಮ್ಮ ಮುಖ ಹೇಗಾಗುತ್ತದೋ ಇಲ್ಲಿ ಎಂಬತ್ತು ಮುಖಗಳೂ ಹಾಗೆಯೇ ಆಗಿದ್ದವು. ನನಗೆ ನಗು ತಡೆಯಲಾಗಲಿಲ್ಲ.

ನುಡಿಸಿದ್ದು ಬ್ರಾಮ್ಸ್ ಎಂಬ ಸಂಗೀತ ರಚನೆಕಾರರ ವಯಲಿನ್ ಕನ್ಚೆರ್ಟೊ. ಮೇಳದ ಎದುರು ಒಬ್ಬರೇ ನಿಂತು ನುಡಿಸುವ ಕೃತಿ ಅದು. ಈ ಊರು ಬ್ರಾಮ್ಸ್‌ಗೆ ಮೊದಲು ಕೊಟ್ಟದ್ದು ಅವಮಾನ. 1859ರಲ್ಲಿ ಇಪ್ಪತ್ತೈದರ ಹುಡುಗ ತನ್ನ ಪಿಯಾನೋ ಕೃತಿಯನ್ನು ಇಲ್ಲಿ ನುಡಿಸಿದಾಗ ಜನ ಬುಸುಗುಟ್ಟಿ ಕಳಿಸಿದ್ದರು. ಇಪ್ಪತ್ತು ವರ್ಷದ ನಂತರ, 1879ರ ಜನವರಿ 1ರಂದು, ಅದೇ ಊರಿನಲ್ಲಿ ಈ ವಯಲಿನ್ ಕೃತಿ ಮೊದಲ ಸಲ ಕೇಳಿಸಿತು. ನುಡಿಸಿದವರು ಅವರ ಗೆಳೆಯ ಯೋಸೆಫ್ ಯೋಆಖಿಮ್.

ಮೊನ್ನೆಯ ಅತಿಥಿ ಕಲಾವಿದೆ ಹಸಿರು ಉಡುಪಿನಲ್ಲಿ ಬಂದು ನಿಂತಳು. ನಿಂತಳು ಅಷ್ಟೇ. ಎರಡು ಮೂರು ನಿಮಿಷ ಮೇಳದವರೇ ನುಡಿಸುತ್ತಾರೆ, ಅವಳು ವಯಲಿನನ್ನು ಕೆಳಗಿಳಿಸಿ ಹಿಡಿದು ಕಾಯಬೇಕು. ನನ್ನ ಅಂಗೈ ಬೆವರಿತು, ಅವಳದ್ದಲ್ಲ. ಮೇಳದ ವಯಲಿನ್‌ಗಳ ಕಮಾನುಗಳೆಲ್ಲ ಒಂದೇ ದಿಕ್ಕಿನಲ್ಲಿ ಮೇಲೆ ಹೋಗಿ ಕೆಳಗೆ ಬರುತ್ತವೆ, ಗದ್ದೆಯಲ್ಲಿ ನಟ್ಟಿಯ ಹೆಂಗಸರು ಸಾಲಾಗಿ ಬಗ್ಗಿ ಏಳುವ ಹಾಗೆ. ಎಲ್ಲಿ ಮೇಲೆ, ಎಲ್ಲಿ ಕೆಳಗೆ ಎಂಬುದನ್ನು ಮೊದಲೇ ಗುರುತು ಹಾಕಿಕೊಂಡಿರುತ್ತಾರಂತೆ. ಇಬ್ಬರಿಗೊಂದು ಪುಸ್ತಕ, ಹಾಳೆ ತಿರುಗಿಸುವವರು ಆ ಗಳಿಗೆಯಲ್ಲಿ ನುಡಿಸುವುದನ್ನು ಬಿಡುತ್ತಾರೆ, ಪಕ್ಕದವರು ಸಂಭಾಳಿಸುತ್ತಾರೆ.

ಅವಳು ಶುರು ಮಾಡಿದ ಮೇಲೆ ನನಗೆ ನೆನಪಾದದ್ದು ನೀವು ಹೇಳುತ್ತಿದ್ದ ಪಿಟೀಲು ಚೌಡಯ್ಯನವರ ಕಥೆ. ಮೈಕಿಲ್ಲದ ದೊಡ್ಡ ಸಭೆಯಲ್ಲಿ ನಾದ ಸಾಲದೆಂದು ಅವರು ಏಳು ತಂತಿ ಕಟ್ಟಿದರಲ್ಲ. ಇಲ್ಲಿಯೂ ಮೈಕಿಲ್ಲ, ತಂತಿ ನಾಲ್ಕೇ, ಎದುರು ಎಂಬತ್ತು ಜನ, ಆದರೂ ಮೇಲಿನ ಸಾಲಿನ ಅಗ್ಗದ ಸೀಟಿನಲ್ಲಿದ್ದ ನನಗೆ ಅವಳ ಒಂದು ಸ್ವರವೂ ತಪ್ಪಲಿಲ್ಲ. ಗುಟ್ಟು ಬರವಣಿಗೆಯಲ್ಲಿದೆ: ಅವಳು ನುಡಿಸುವಾಗ ಮೇಳ ತೆಳ್ಳಗಾಗುತ್ತದೆ, ಅವಳು ಬಿಟ್ಟಾಗ ತುಂಬಿಕೊಳ್ಳುತ್ತದೆ. ಒಳ್ಳೆಯ ಮದ್ದಲೆಗಾರ ಭಾಗವತರ ಪದ ಮುಳುಗಿಸುವುದಿಲ್ಲ ಎನ್ನುತ್ತೀರಲ್ಲ, ಅದೇ. ಮಧ್ಯೆ ಕಮಾನಿನ ಒಂದು ಕೂದಲು ಹರಿದು ಗಾಳಿಯಲ್ಲಿ ಆಡತೊಡಗಿತು. ಸಿಕ್ಕ ಅರೆನಿಮಿಷದ ಬಿಡುವಿನಲ್ಲಿ ಅವಳು ಅದನ್ನು ಪಟ್ಟೆಂದು ಕಿತ್ತು ಕೆಳಗೆ ಬಿಟ್ಟಳು, ನೀವು ತಾಳಮದ್ದಲೆಯ ನಡುವೆ ಎಲೆಯ ತೊಟ್ಟು ಮುರಿದು ಎಸೆದಂತೆ.

ಒಂದು ಕಡೆ ಮೇಳವೆಲ್ಲ ನಿಂತು ಅವಳೊಬ್ಬಳೇ ನುಡಿಸುತ್ತಾಳೆ. ತನಿ ಆವರ್ತನವೆಂದು ಕಿವಿ ನೆಟ್ಟಗೆ ಮಾಡಿ ಕುಳಿತೆ. ಆದರೆ ಅದು ಯೋಆಖಿಮ್ ಆಗಲೇ ಬರೆದಿಟ್ಟದ್ದಂತೆ, ಹೆಚ್ಚಿನವರು ಈಗಲೂ ಅದನ್ನೇ ನುಡಿಸುತ್ತಾರಂತೆ. ಸ್ವಲ್ಪ ನಿರಾಸೆಯಾಯಿತು. ಕೈಚಳಕಕ್ಕೆ ಕೊರತೆಯಿರಲಿಲ್ಲ, ಆದರೂ ಈಗ ಏನು ಬರುತ್ತದೋ ಎಂಬ ನಮ್ಮ ಆ ತವಕ ಅಲ್ಲಿಲ್ಲ. ಎರಡನೆಯ ಭಾಗದಲ್ಲಿ ಚೆಂದದ ರಾಗ ಮೊದಲು ಸಿಗುವುದು ಓಬೋದವನಿಗೆ. ಅವನು ನುಡಿಸುವಾಗ ತಾನು ವಯಲಿನ್ ಹಿಡಿದು ಸುಮ್ಮನೆ ನಿಲ್ಲುವುದೇ ಎಂದು ಸರಸಾಟೆ ಎಂಬ ದೊಡ್ಡ ವಿದ್ವಾಂಸರು ಈ ಕೃತಿಯನ್ನೇ ಮುಟ್ಟಲಿಲ್ಲವಂತೆ. ನಮ್ಮ ಕಡೆಯ ಕೆಲವು ವೇಷಧಾರಿಗಳ ನೆನಪಾಯಿತು; ಹೆಸರು ಬೇಡ.

ಮೊದಲ ಭಾಗ ಮುಗಿದಾಗ ಚಪ್ಪಾಳೆಗೆ ಕೈ ಎತ್ತಿದೆ. ಪಕ್ಕದ ಅಜ್ಜಿ ಮೆಲ್ಲನೆ ನನ್ನ ಮಣಿಕಟ್ಟು ಹಿಡಿದರು. ಮೂರೂ ಭಾಗ ಮುಗಿಯುವ ತನಕ ತಟ್ಟುವ ಹಾಗಿಲ್ಲ. ಬದಲಿಗೆ ಎಲ್ಲರೂ ಕೆಮ್ಮುತ್ತಾರೆ! ಇಪ್ಪತ್ತು ನಿಮಿಷ ಬಿಗಿಹಿಡಿದ ಕೆಮ್ಮು, ಸಾವಿರಾರು ಗಂಟಲಿನಿಂದ ಒಮ್ಮೆಗೇ. ನಿಮ್ಮ ಸಂತೆ ಬೇಕೆಂದರೆ ಅದೇ.

ವಿರಾಮದ ನಂತರ ಬೀಥೋವನ್ನರ ಏಳನೆಯ ಸಿಂಫನಿ. ನಾನು ನೋಡಿದ್ದು ಟಿಂಪನಿಯವನನ್ನು ಮಾತ್ರ, ನಿಮಗಾಗಿ. ಹಂಡೆಯಂಥ ತಾಮ್ರದ ನಗಾರಿಗಳು. ಭಾಗಗಳ ನಡುವೆ ಅವನು ಮುಚ್ಚಿಗೆಗೆ ಕಿವಿಯಿಟ್ಟು, ಬೆರಳಿನಿಂದ ಮುಟ್ಟಿಯೂ ಮುಟ್ಟದಂತೆ ತಟ್ಟಿ, ಕಾಲಿನ ಪೆಡಲ್ ಒತ್ತಿ ಶ್ರುತಿ ಬದಲಿಸಿಕೊಂಡ. ಕಲ್ಲೂ ಇಲ್ಲ, ಸುತ್ತಿಗೆಯೂ ಇಲ್ಲ. ನಿಮಗೆ ಹೊಟ್ಟೆಕಿಚ್ಚಾಗಲಿ ಎಂದೇ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಬರುತ್ತೇನೆ. ಅಷ್ಟರೊಳಗೆ ತೀರ್ಥಹಳ್ಳಿ ಸುತ್ತಮುತ್ತ ಎಲ್ಲಾದರೂ ಇಡೀ ರಾತ್ರಿಯ ಆಟ ಗೊತ್ತಾದರೆ ತಿಳಿಸಿ. ನಡುವೆ ಎದ್ದು ಹೋಗಿ ಚಹಾ ಕುಡಿದು, ಮನಸಾರೆ ಕೆಮ್ಮಿ ಬರಬೇಕು.

ಇಂತಿ ನಿಮ್ಮ ಪ್ರೀತಿಯ ಮಗಳು

ವಿ.ಸೂ.: ಅಪ್ಪೆಮಿಡಿ ಜಾಡಿಯ ತಳ ಕಾಣುತ್ತಿದೆ ಎಂದು ಅಮ್ಮನಿಗೆ ಹೇಳಿ.