ಹಲಸಿನ ಮರದಲ್ಲಿ ನೇತಾಡುತ್ತಿರುವ ನಿಮ್ಮ ಕೇಬಲ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
(ಪ್ರತಿ: ಮೇಲ್ಮನವಿ ಅಧಿಕಾರಿಗಳಿಗೆ)

ವಿಷಯ: 34 ಮನೆಗಳಿಂದ ಹಣ ಕಟ್ಟಿಸಿಕೊಂಡು ಅರ್ಧಕ್ಕೆ ಬಿಟ್ಟುಹೋದ ಫೈಬರ್ ಲೈನ್ ಮತ್ತು ಕೊಡದ ಸಂಪರ್ಕಕ್ಕೆ ಬಂದ 8 ಬಿಲ್

ಮಾನ್ಯರೇ,

ನಿಮ್ಮ ಆ್ಯಪ್ ಪ್ರಕಾರ ನಮ್ಮ ಮನೆಯಲ್ಲಿ ಕಳೆದ ಸೆಪ್ಟೆಂಬರ್‌ನಿಂದ 40 ಎಂಬಿಪಿಎಸ್ ಇಂಟರ್ನೆಟ್ ಓಡುತ್ತಿದೆ. ಮನೆಯಲ್ಲಿ ಕೇಬಲ್ ಇಲ್ಲ, ಮೋಡೆಮ್ ಇಲ್ಲ, ಗೋಡೆಗೆ ಒಂದು ತೂತು ಕೂಡ ಬಿದ್ದಿಲ್ಲ. ನಿಮ್ಮದು ಅಂತ ನಮ್ಮ ಹತ್ತಿರ ಇರುವುದು 1,500 ರೂಪಾಯಿಯ ಒಂದು ರಶೀದಿ, ಮತ್ತೆ ತಿಂಗಳು ತಿಂಗಳು ತಪ್ಪದೆ ಬರುವ ಬಿಲ್. ಈ ಪತ್ರವನ್ನೂ ಹಾಲಿನ ಡೈರಿ ಎದುರಿನ ಕಟ್ಟೆಯಲ್ಲಿ ಕೂತು ಕಳಿಸುತ್ತಿದ್ದೇನೆ. ನಮ್ಮ ಕಡೆ ಮೊಬೈಲಿನಲ್ಲಿ ಎರಡು ಕಡ್ಡಿ ಸಿಗ್ನಲ್ ಕಾಣುವುದು ಇಲ್ಲಿ ಮಾತ್ರ.

ನಮ್ಮದು ಹೊಸನಗರ ತಾಲೂಕಿನಲ್ಲಿ ಶರಾವತಿ ಹಿನ್ನೀರಿನ ಪಕ್ಕದ ಊರು. ಊರು ಅಂದರೆ ಒಂದು ಬೀದಿ, ಎರಡೂ ಕಡೆ ಸಾಲಾಗಿ ಮನೆ ಅಂತ ನಿಮ್ಮ ಆಫೀಸಿನವರು ಅಂದುಕೊಂಡಿರಬಹುದು. ಮಲೆನಾಡಿನಲ್ಲಿ ಹಾಗಿಲ್ಲ, ತೋಟ ಎಲ್ಲಿದೆಯೋ ಅಲ್ಲಿ ಮನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತಲ್ಲ, ಆಗ ತಗ್ಗಿನ ಗದ್ದೆ ಮನೆ ಎಲ್ಲ ನೀರಿಗೆ ಹೋಗಿ, ನಮ್ಮ ಮಾವನವರ ಕಾಲದವರು ಗುಡ್ಡದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ ಕಟ್ಟಿಕೊಂಡರು. ಹಾಗಾಗಿ 34 ಮನೆ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಹರಡಿವೆ. ಇದು ನಮ್ಮಿಂದ ಹಣ ತೆಗೆದುಕೊಳ್ಳುವ ಮೊದಲೇ ನಿಮಗೆ ಗೊತ್ತಿತ್ತು. ನಿಮ್ಮವರೇ ಬೈಕಿನಲ್ಲಿ ಬಂದು ಮನೆ ಮನೆಯ ಫೋಟೋ ತೆಗೆದುಕೊಂಡು, ನಮ್ಮ ಜಗಲಿಯಲ್ಲಿ ಕೂತು ಕಷಾಯ ಕುಡಿದು ಹೋಗಿದ್ದಾರೆ.

ಅದು ಕಳೆದ ವರ್ಷ ಶಿವರಾತ್ರಿ ಮುಗಿದ ವಾರ. ‘25 ಮನೆ ಆದರೆ ಲೈನ್ ಎಳೆಯುತ್ತೇವೆ’ ಅಂದರು. ನಾವು 34 ಮನೆ ಮಾಡಿಕೊಟ್ಟೆವು. ಮನೆಗೆ 1,500ರಂತೆ 51,000 ರೂಪಾಯಿ. ನಿಮಗೆ ಇದು ದೊಡ್ಡ ಮೊತ್ತ ಅಲ್ಲ, ಗೊತ್ತು. ಆದರೆ ಇದರಲ್ಲಿ ಆರು ಮನೆಯವರು ಕೂಲಿಗೆ ಹೋಗುವವರು, ಮಕ್ಕಳ ಓದಿಗೆ ಬೇಕು ಅಂತ ಕಟ್ಟಿದವರು, ಅದೂ ನಾನು ಹೇಳಿದ್ದಕ್ಕೆ. ಈಗ ದಾರಿಯಲ್ಲಿ ಸಿಕ್ಕರೆ ಅವರು ಏನೂ ಕೇಳುವುದಿಲ್ಲ. ಕೇಳಿದ್ದರೇ ವಾಸಿ ಇತ್ತು.

ಮೇ ತಿಂಗಳಲ್ಲಿ ಕೇಬಲ್ ಬಂತು. ಹೋಬಳಿ ಪೇಟೆಯಲ್ಲಿರುವ ನಿಮ್ಮ ಮೆಷಿನ್ ಇಟ್ಟ ಕೋಣೆಯಿಂದ ಟಾರ್ ರಸ್ತೆ ಗುಂಟ, ಕಂಬದಿಂದ ಕಂಬಕ್ಕೆ, ನಮ್ಮ ಊರಿಗೆ ತಿರುಗುವ ಮಣ್ಣು ರಸ್ತೆಯ ತನಕ. ತಿರುವಿನಲ್ಲಿ ಒಂದು ಹಲಸಿನ ಮರ ಇದೆ. ಮಿಕ್ಕ ಕೇಬಲನ್ನು ಅದರ ಕೊಂಬೆಗೆ ಸುರುಳಿ ಸುತ್ತಿ ನೇತುಹಾಕಿ, ‘ಸೋಮವಾರ ಬರುತ್ತೇವೆ’ ಅಂತ ಹೋದರು. ಆಮೇಲೆ ಎಷ್ಟು ಸೋಮವಾರ ಬಂದು ಹೋಯಿತು ಅನ್ನುವುದನ್ನು ನೀವೇ ಲೆಕ್ಕ ಹಾಕಿ. ಅಲ್ಲಿಂದ ಕಡೆಯ ಮನೆಗೆ ಬರೀ 1.8 ಕಿಲೋಮೀಟರ್.

ಆ ಸುರುಳಿ ಒಂದು ಮಳೆಗಾಲ ಪೂರ್ತಿ ನೆನೆಯಿತು. ಈಗ ಅದರ ಸುತ್ತ ಚಗಳಿ ಇರುವೆ ಎಲೆ ಹೊಲಿದು ಗೂಡು ಕಟ್ಟಿದೆ. ಜನವರಿಯಲ್ಲಿ ಬೇರೆ ಯಾವುದೋ ರಿಪೇರಿಗೆ ಆ ದಾರಿಯಲ್ಲಿ ಬಂದ ನಿಮ್ಮ ಲೈನ್‌ಮನ್ ಹುಡುಗನನ್ನು ಹಿಡಿದು ನಿಲ್ಲಿಸಿ, ಒಂದು ಸಲ ನೋಡಪ್ಪಾ ಅಂದೆ. ಪಾಪ, ಮರ ಹತ್ತಿ ಕೈಗೆಲ್ಲ ಚಗಳಿ ಕಚ್ಚಿಸಿಕೊಂಡು ಕೇಬಲಿನ ತುದಿ ಕೆಳಗೆ ತಂದ. ಸಿಪ್ಪೆ ಸುಲಿದು, ಕೂದಲಿನಷ್ಟು ಸಣ್ಣ ಎಳೆಯನ್ನು ಒರೆಸಿ, ಬೆಳಕಿನ ಬಲ ಅಳೆಯುವ, ಅಂಗೈಯಷ್ಟು ದೊಡ್ಡ ಮೀಟರಿಗೆ ಹಾಕಿದ. ಮೈನಸ್ 3 ಅಂತ ತೋರಿಸಿತು. ನಾನು ಬಗ್ಗಿ ಆ ಎಳೆಯ ತುದಿ ನೋಡಲು ಹೋದರೆ ‘ಅಕ್ಕಾ, ನೋಡಬೇಡಿ, ಬೆಳಕು ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಕಣ್ಣಿಗೆ ಒಳ್ಳೆಯದಲ್ಲ’ ಅಂದ.

ಅಂದರೆ ನಿಮ್ಮ ಇಂಟರ್ನೆಟ್ ಹಲಸಿನ ಮರದ ತನಕ ಬಂದು ನಿಂತಿದೆ. ಚಗಳಿಗೆ ಕನೆಕ್ಷನ್ ಇದೆ, ನಮಗಿಲ್ಲ.

ನಿಮ್ಮ ಕಾಲ್ ಸೆಂಟರಿನವರು ಈವರೆಗೆ ಕೊಟ್ಟ ಕಾರಣಗಳಲ್ಲಿ ಮೊದಲನೆಯದು ‘ತಾಂತ್ರಿಕವಾಗಿ ಸಾಧ್ಯವಿಲ್ಲ’. ಆ ಹುಡುಗ ಹೇಳಿದ್ದನ್ನು ಕೇಳಿ. ಬಾಕ್ಸ್‌ನಲ್ಲಿ ಬೆಳಕನ್ನು ಮನೆ ಮನೆಗೆ ಹಂಚುತ್ತಾ ಹೋದಂತೆ ಅದು ಕಮ್ಮಿಯಾಗುತ್ತದೆ, ಮನೆ ಮುಟ್ಟುವಾಗ ಆ ಮೀಟರಿನಲ್ಲಿ ಮೈನಸ್ 27ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು. ಒಂದು ಎಳೆಯನ್ನು 64 ಮನೆಗೆ ಹಂಚಬಹುದು, ಮೆಷಿನ್‌ನಿಂದ 20 ಕಿಲೋಮೀಟರ್ ದೂರದ ತನಕ ಹೋಗಬಹುದು. ನಾವು 34 ಮನೆ, ಕಡೆಯ ಮನೆಗೂ 10 ಕಿಲೋಮೀಟರ್ ಇಲ್ಲ. ಎರಡನೇ ಕಾರಣ, ಅರಣ್ಯ ಇಲಾಖೆ ಅನುಮತಿ. ಇದು ಪಂಚಾಯಿತಿ ರಸ್ತೆ ಸ್ವಾಮಿ. ಕಾಡು ತಾಗುವುದು ಒಂದೇ ಒಂದು ತಿರುವಿನಲ್ಲಿ, ಅಲ್ಲೂ ಪಕ್ಕದಲ್ಲೇ ತೋಟದ ಬೇಲಿ ಇದೆ, ಬೇಲಿಯ ಒಳಗಿಂದ ತನ್ನಿ ಅಂತ ತೋಟದವರೇ ಹೇಳಿದ್ದಾರೆ. ಮೂರನೆಯದಾಗಿ ಒಬ್ಬರು ‘ವೈರ್ ಇಲ್ಲದ 5ಜಿ ಬಾಕ್ಸ್ ತಗೊಳ್ಳಿ ಮೇಡಂ’ ಅಂದರು. 4ಜಿಗೇ ಡೈರಿ ಕಟ್ಟೆಗೆ ಬರುವವಳಿಗೆ!

ನಿಜವಾದ ಕಾರಣ ನನಗೆ ಗೊತ್ತು. 1.8 ಕಿಲೋಮೀಟರಿಗೆ 40 ಮೀಟರಿಗೊಂದರಂತೆ 45 ಕಂಬ ಬೇಕು. ಪೇಟೆಯಲ್ಲಿ ಇಷ್ಟೇ ಕಂಬಕ್ಕೆ ಮುನ್ನೂರು ಮನೆ ಸಿಗುತ್ತದೆ, ಇಲ್ಲಿ 34. ಗುತ್ತಿಗೆದಾರನಿಗೆ ಕೊಡುವ ರೇಟು ಎರಡೂ ಕಡೆ ಒಂದೇ ಅಂತೆ. ಅವನು ಟಾರ್ ರಸ್ತೆಯ ಸುಲಭದ ಕೆಲಸ ಮುಗಿಸಿ ಕೈ ತೊಳೆದುಕೊಂಡ. ಆಗಸ್ಟ್ ಕೊನೆಯಲ್ಲಿ ಯಾರದೋ ಟಾರ್ಗೆಟ್ ತುಂಬಿಸಲು ನಮ್ಮಲ್ಲಿ 11 ಮನೆಗೆ ‘ಸಂಪರ್ಕ ಕೊಡಲಾಗಿದೆ’ ಅಂತ ಸಿಸ್ಟಮ್‌ನಲ್ಲಿ ಒತ್ತಿದರು. ಲೈನ್‌ಮನ್ ಹುಡುಗನ ಮೇಲೆ ಹಾಕಬೇಡಿ ಇದನ್ನು. ಅವನಿಗೇ ಆಗ ಮೂರು ತಿಂಗಳ ಸಂಬಳ ಬಂದಿರಲಿಲ್ಲ.

ಈಗ ಬಿಲ್ಲಿಗೆ ಬರುತ್ತೇನೆ. ನಾನು ಲೆಕ್ಕ ಬರೆಯುವವಳು. ಸಾಗರ, ಹೊಸನಗರದ ಹನ್ನೆರಡು ಅಂಗಡಿಗಳ ಜಿಎಸ್‌ಟಿ ಕೆಲಸ ಮನೆಯಲ್ಲೇ ಮಾಡುತ್ತೇನೆ. ನೀವು ತಿಂಗಳಿಗೆ 499 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ ಹಾಕಿದ್ದೀರಿ. ಎಂಟು ತಿಂಗಳಿಗೆ 4,710 ರೂಪಾಯಿ 56 ಪೈಸೆ. ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಆದರೆ ನನಗೊಂದು ಕುತೂಹಲ. ಬಿಲ್ಲಿನಲ್ಲಿ 9984 ಅಂತ ಸೇವೆಯ ಕೋಡ್ ಹಾಕಿ, ತೆರಿಗೆ ತೋರಿಸಿ, ನಂಬರು ಕೊಟ್ಟಿದ್ದೀರಿ. ಕೊಡದೇ ಇದ್ದ ಸೇವೆಯ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿದ್ದೀರಾ, ಅಥವಾ ಅದೂ ಮರದಲ್ಲಿ ನೇತಾಡುತ್ತಿದೆಯಾ? ನನ್ನ ಅಂಗಡಿಯವರು ಯಾರಾದರೂ ಹೀಗೆ ಬಿಲ್ ಹರಿದಿದ್ದರೆ ನಾನು ಕೂರಿಸಿ ಬೈಯುತ್ತಿದ್ದೆ.

ಪ್ರತಿ ತಿಂಗಳು 20ನೇ ತಾರೀಕಿನೊಳಗೆ ರಿಟರ್ನ್ ಹಾಕಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ. ಕಳೆದ ಜುಲೈ 20ರಂದು ಜೋರು ಮಳೆ ಹೊಯ್ಯುತ್ತಿತ್ತು, ಧರೆ ಕುಸಿದು ಡೈರಿ ದಾರಿ ಬಂದ್. ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಕಂಬಳಿಕೊಪ್ಪೆ ಹಾಕಿಕೊಂಡು, ಒಂದು ಕಡ್ಡಿ ಸಿಗ್ನಲ್ ಆದರೂ ಸಿಗಲಿ ಅಂತ ಗುಡ್ಡ ಹತ್ತಿದೆ. ಒಟಿಪಿ ಬರುವಷ್ಟರಲ್ಲಿ ಪೋರ್ಟಲ್ ಹೊರಗೆ ಹಾಕುತ್ತದೆ. ಮತ್ತೆ ಒಳಗೆ ಹೋದರೆ ಇನ್ನೊಂದು ಒಟಿಪಿ. ಎರಡು ಅಂಗಡಿಯದ್ದು ತಪ್ಪಿತು, ದಂಡ ನಾನೇ ಕಟ್ಟಿದೆ. ಅವರು ಬೇಡ ಅಂದರು, ಆದರೂ ಕಟ್ಟಿದೆ. ಹೀಗೆ ಇನ್ನೆರಡು ಸಲ ಆದರೆ ಅವರು ಸಾಗರದಲ್ಲೇ ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಅದು ಸಹಜ. ಪಕ್ಕದ ಮನೆಯ ಹುಡುಗ ಬೆಂಗಳೂರಿನ ಕೆಲಸವನ್ನು ಮನೆಯಿಂದ ಮಾಡುತ್ತೇನೆ ಅಂತ ಬಂದವನು ಎರಡು ತಿಂಗಳು ನೋಡಿ ವಾಪಸ್ ಹೋದ. ಅವನ ಅಪ್ಪ ಅಮ್ಮ ಈಗ ಇಬ್ಬರೇ.

ನಾನು ಇಲ್ಲಿಯವರೆಗೆ ಏಳು ಸಲ ದೂರು ಕೊಟ್ಟಿದ್ದೇನೆ. ಏಳಕ್ಕೂ ನಂಬರು ಇದೆ. ಏಳೂ ‘ಪರಿಹರಿಸಲಾಗಿದೆ’. ಒಂದನ್ನು ದೂರು ಕೊಟ್ಟ ನಲವತ್ತು ನಿಮಿಷದಲ್ಲೇ ಪರಿಹರಿಸಿದ್ದೀರಿ. ‘ಕನ್ನಡಕ್ಕೆ 2 ಒತ್ತಿ’ ಅನ್ನುತ್ತದೆ, ಒತ್ತಿದರೆ ಹಿಂದಿಯಲ್ಲಿ ಮಾತಾಡುತ್ತಾರೆ. ನಮ್ಮ ಅತ್ತೆ ಒಂದು ಸಲ ಆ ಫೋನ್ ತೆಗೆದುಕೊಂಡು ಹಲಸಿನ ಮರದ ಕಥೆಯನ್ನೆಲ್ಲ ಕನ್ನಡದಲ್ಲೇ ಹೇಳಿದರು. ಆ ಕಡೆಯವರು ಕೊನೆಯ ತನಕ ಕೇಳಿ, ಥ್ಯಾಂಕ್ಯೂ ಹೇಳಿ, ದೂರು ಮುಚ್ಚಿದರು.

ಇದೆಲ್ಲ ಒಂದು ತೂಕ. ನಾನು ಮುಖ್ಯವಾಗಿ ಹೇಳಬೇಕಾದದ್ದು ಮುಂದಿನದು.

ನಿಮ್ಮ ಏರಿಯಾ ಮ್ಯಾನೇಜರ್ ‘ಸರ್ಕಾರದ್ದು ಬರುತ್ತದೆ, ಕಾಯಿರಿ’ ಅಂದರು. ಸರಿ, ಓದಿಕೊಂಡೆ. ಹಳ್ಳಿಗಳಿಗೆ ಫೈಬರ್ ಇಂಟರ್ನೆಟ್ ತರುವ ಸರ್ಕಾರದ ಯೋಜನೆ 2011ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ 2015ರಲ್ಲಿ ಭಾರತ್‌ನೆಟ್ ಆಯಿತು. ಅದರ ಮೊದಲ ಗುರಿ ಗ್ರಾಮ ಪಂಚಾಯಿತಿ ಮುಟ್ಟುವುದು. ನಮ್ಮ ಪಂಚಾಯಿತಿ ಆಫೀಸೇ ಇಲ್ಲಿಂದ ಆರು ಕಿಲೋಮೀಟರ್. 2023ರ ಆಗಸ್ಟಿನಲ್ಲಿ ಇನ್ನೂ 1,39,579 ಕೋಟಿ ರೂಪಾಯಿ ಒಪ್ಪಿ, ಪಂಚಾಯಿತಿ ಆಚೆಯ ಹಳ್ಳಿಗಳಿಗೂ ಕೇಳಿದರೆ ಕೊಡುವುದು ಅಂತ ಮಾಡಿದ್ದಾರೆ. ಅದಕ್ಕೆ ದುಡ್ಡು ಬರುವ ನಿಧಿಯೂ ನಿಮ್ಮಂಥ ಕಂಪನಿಗಳ ಆದಾಯದಿಂದ ಹಳ್ಳಿಗಳಿಗೆ ಅಂತಲೇ ತೆಗೆದಿಡುವ 5 ಪರ್ಸೆಂಟ್. ಕೇಳಿದರೆ ಕೊಡುತ್ತಾರೆ ಅಂದಮೇಲೆ ಗ್ರಾಮಸಭೆಯಲ್ಲಿ ಎದ್ದು ಕೇಳಿದೆವು. ಸಭೆಯಲ್ಲಿದ್ದ ಒಬ್ಬರು ತಮ್ಮ ಮೊಬೈಲಿನಲ್ಲಿ ನಿಮ್ಮ ಆ್ಯಪ್ ತೆಗೆದು, ನಮ್ಮ ಊರಿನ ಹೆಸರು ಹಾಕಿ, ಎಲ್ಲರಿಗೂ ಎತ್ತಿ ತೋರಿಸಿದರು. ‘ಸೇವೆ ಲಭ್ಯವಿದೆ’ ಅಂತ ಹಸಿರು ಟಿಕ್. ‘ಇರುವ ಊರಿಗೆ ಮತ್ತೆ ಯಾಕೆ’ ಅಂದರು. ಅಲ್ಲಿಗೆ ಮುಗಿಯಿತು.

ಪೇಟೆಯ ಕೇಬಲ್ ಟಿವಿಯವರನ್ನು ಕೇಳಿದೆವು. ಅವರೂ ಈಗ ಫೈಬರ್ ಕೊಡುತ್ತಾರೆ. ಬಂದು ನೋಡಿ ‘ಎಳೆಯಬಹುದು, ಆದರೆ ನಾನು ಸಾಲ ಮಾಡಿ ಕಂಬ ಹಾಕಿದ ಮೇಲೆ ನಾಳೆ ಅವರು ಮರದಿಂದ ಬಿಚ್ಚಿ ಎಳೆದರೆ ನನ್ನ ಗತಿ ಏನಮ್ಮಾ’ ಅಂದರು. ಅವರು ಹೇಳಿದ್ದು ತಪ್ಪಲ್ಲ, ಅಲ್ವಾ?

ಈಗ ಅರ್ಥವಾಯಿತಾ? ನೀವು ಕೊಡದಿದ್ದರೂ ಪರವಾಗಿಲ್ಲ ಅನ್ನುವ ಸ್ಥಿತಿಗೆ ನಾವು ಬಂದಿದ್ದೇವೆ. ಆದರೆ ಕೊಟ್ಟಿದ್ದೇವೆ ಅಂತ ಬರೆದುಕೊಂಡು ಕೂತಿದ್ದೀರಲ್ಲ, ಅದರಿಂದ ಕೊಡುವವರೂ ಬರುತ್ತಿಲ್ಲ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಇಳಿದು ಹೋದವರ ಹಾಗೆ ಮಾಡಿದ್ದೀರಿ.

ಆದ್ದರಿಂದ ಎರಡರಲ್ಲಿ ಒಂದು ಮಾಡಿ. ಕೊಡುವುದಾದರೆ ಈ ತಿಂಗಳೊಳಗೆ ಕೊಡಿ. ಜೂನ್ ಮೊದಲ ವಾರ ಮಳೆ ಹಿಡಿದರೆ ಆಮೇಲೆ ಇಲ್ಲಿ ಗುಂಡಿ ತೆಗೆಯಲು ಆಗುವುದಿಲ್ಲ, ತೆಗೆದರೆ ಕಂಬ ನಿಲ್ಲುವುದಿಲ್ಲ. 45 ಕಂಬದಲ್ಲಿ 30 ನಮ್ಮ ನಮ್ಮ ಜಮೀನಿನಲ್ಲೇ ಬರುತ್ತವೆ, ಒಪ್ಪಿಗೆ ಬರೆದು ಎಲ್ಲರ ಸಹಿ ಹಾಕಿ ಇಟ್ಟಿದ್ದೇವೆ. ಗುಂಡಿ ನಾವೇ ತೆಗೆಯುತ್ತೇವೆ, ಮನೆಗೊಂದು ಆಳು. ದಾರಿಯ ಮೇಲೆ ಬಾಗಿರುವ ಕೊಂಬೆಗಳನ್ನೂ ಸವರಿಕೊಡುತ್ತೇವೆ, ಇಲ್ಲದಿದ್ದರೆ ಮೊದಲ ಗಾಳಿಗೇ ಸೋಗೆ ಬಿದ್ದು ಲೈನ್ ಹೋಗುತ್ತದೆ. ಮಂಗಗಳು ಜೋತಾಡದ ಹಾಗೆ ಕೇಬಲನ್ನು ಬಿಗಿಯಾಗಿ ಎಳೆಯಿರಿ, ಅದೊಂದು ನಿಮ್ಮ ಕೆಲಸ.

ಆಗುವುದಿಲ್ಲ ಅಂದರೆ ‘ಈ ಊರಿಗೆ ನಮ್ಮಿಂದ ಸೇವೆ ಕೊಡಲು ಆಗುವುದಿಲ್ಲ’ ಅಂತ ಕಂಪನಿಯ ಹಾಳೆಯಲ್ಲಿ, ಸೀಲು ಹಾಕಿ, ಕನ್ನಡದಲ್ಲಿ ಬರೆದು ಕೊಡಿ. ಆ ಹಸಿರು ಟಿಕ್ ತೆಗೆಯಿರಿ. 51,000 ರೂಪಾಯಿ ಆಯಾ ಮನೆಯವರ ಖಾತೆಗೆ ವಾಪಸ್ ಹಾಕಿ, 11 ಮನೆಯ ಬಿಲ್ ರದ್ದು ಮಾಡಿ, ತೆರಿಗೆಗೆ ಕ್ರೆಡಿಟ್ ನೋಟ್ ಕೊಡಿ. ಮರದಿಂದ ಕೇಬಲ್ ಇಳಿಸಿಕೊಂಡು ಹೋಗಿ. ಮರದವರು ಹಲಸು ಕೊಯ್ಯಲು ಕಾಯುತ್ತಿದ್ದಾರೆ, ಕೇಬಲ್ ಮುಟ್ಟಿದರೆ ಕೇಸು ಅಂತ ನಿಮ್ಮವರು ಹೆದರಿಸಿ ಹೋಗಿದ್ದಾರೆ.

ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನ 2012ರ ನಿಯಮದಂತೆ ಇದನ್ನು ಮೇಲ್ಮನವಿ ಅಧಿಕಾರಿಗಳಿಗೂ ಕಳಿಸಿದ್ದೇನೆ. ಅದಕ್ಕೆ ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಹೇಳಬೇಕು. ಹೇಳದಿದ್ದರೆ 34 ಮನೆಯವರೂ ಸೇರಿ ಶಿವಮೊಗ್ಗದ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಟೆಲಿಕಾಂ ದೂರನ್ನು ಅಲ್ಲಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿಯಾಗಿದೆ, ಹಾಗಾಗಿ ‘ನಮ್ಮದು ಅಲ್ಲಿಗೆ ಬರುವುದಿಲ್ಲ’ ಅನ್ನಬೇಡಿ. ರಶೀದಿ, ಬಿಲ್, ಏಳು ದೂರಿನ ನಂಬರು, ಮರದ ಫೋಟೋ, ಮೀಟರಿನ ಫೋಟೋ ಎಲ್ಲ ಇದರ ಜೊತೆಗೆ ಇದೆ. ಫೋಟೋ ಐದಕ್ಕಿಂತ ಜಾಸ್ತಿ ಕಳಿಸಲು ಇಲ್ಲಿನ ಸಿಗ್ನಲ್ ಬಿಡುತ್ತಿಲ್ಲ.

ಫೋನ್ ಮಾಡುವುದಿದ್ದರೆ ಬೆಳಿಗ್ಗೆ 7ರಿಂದ 8ರೊಳಗೆ ಮಾಡಿ, ಆಗ ಹಾಲು ಹಾಕಲು ಡೈರಿಗೆ ಬಂದಿರುತ್ತೇನೆ. ಆಮೇಲೆ ಸಿಗುವುದಿಲ್ಲ. ಜನ ಕಳಿಸುವುದಾದರೆ ಏಣಿ ತರಬೇಕಾಗಿಲ್ಲ, ನಮ್ಮಲ್ಲಿದೆ. ಚಗಳಿಗೆ ಮಾತ್ರ ಉದ್ದ ತೋಳಿನ ಅಂಗಿ ಹಾಕಿಕೊಂಡು ಬರಲು ಹೇಳಿ.

ಇಂತಿ,
34 ಮನೆಯವರ ಪರವಾಗಿ,
ನಿಮ್ಮ ಸಿಸ್ಟಮ್‌ನಲ್ಲಿ ಸೆಪ್ಟೆಂಬರ್‌ನಿಂದ ‘ಸಕ್ರಿಯ’ ಇರುವ ಗ್ರಾಹಕಿ